ಮೊರತಲೆ ತಲೆ ಎತ್ತಿದ ವರ್ಷ

ಪಕ್ಕದ ಮನೆಯವರು ಕಂಪೌಂಡ್ ಗೋಡೆಗೆ ಪ್ಲಾಸ್ಟರ್ ಮಾಡಿಸುತ್ತಿದ್ದಾರೆ. ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದರೆ ಹಸಿ ಸಿಮೆಂಟಿನ ವಾಸನೆ ಒಳಗೆ ಬರುತ್ತದೆ. ನಿಮ್ಮಲ್ಲಿ ಕೆಲವರಿಗೆ ಆ ವಾಸನೆ ಇಷ್ಟವೇ ಇರಬಹುದು. ಹೊಸ ಮನೆ, ಗೃಹಪ್ರವೇಶ, ಊಟದ ಪಂಕ್ತಿ ಎಲ್ಲ ನೆನಪಾಗುತ್ತಿರಬಹುದು. ನನಗೆ ಮಾತ್ರ ಕತ್ತಿನ ಹಿಂದೆ ಯಾರೋ ತಣ್ಣನೆಯ ಬೆರಳಿಟ್ಟ ಹಾಗಾಗುತ್ತದೆ. ಒಲೆಯ ಮೇಲೆ ಹಾಲಿಟ್ಟದ್ದನ್ನೂ ಮರೆತು ಹಿಂದೆ ತಿರುಗಿ ನೋಡುತ್ತೇನೆ. ಅಲ್ಲಿ ಫ್ರಿಜ್ಜು ಬಿಟ್ಟರೆ ಬೇರೇನೂ ಇರುವುದಿಲ್ಲ. ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ಇದಕ್ಕೆಲ್ಲ ಕಾರಣ ಒಂದು ಡೈನೋಸಾರ್ ಎಂದರೆ ನೀವು ನಗುತ್ತೀರಿ. ನಗಿ. ನಾನೂ ಮೊದಲು ನಕ್ಕವಳೇ.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಹೊನ್ನಾವರದ ಆಚೆ ಕಡಲ ಬದಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಇಪ್ಪತ್ತಾರನೇ ವಯಸ್ಸಿಗೆ, ನನಗಿಂತ ಎತ್ತರದ ಹುಡುಗರ ಬಾಯಲ್ಲಿ ಅಕ್ಕೋರು ಅನ್ನಿಸಿಕೊಂಡು ಓಡಾಡುವ ಸುಖವೇ ಬೇರೆ. ತಿಮಿಂಗಿಲ ಮೀನಲ್ಲ, ಬಾವಲಿ ಹಕ್ಕಿಯಲ್ಲ ಎಂದು ಸಿಕ್ಕಸಿಕ್ಕವರನ್ನೆಲ್ಲ ತಿದ್ದುವ ಚಟ ಆಗ ನನಗೆ ಬಲವಾಗಿತ್ತು. ಬಸ್ಸಿನ ಕಂಡಕ್ಟರನನ್ನೂ ಬಿಟ್ಟವಳಲ್ಲ.

ಆ ವರ್ಷ ಹೆಡ್ ಮಾಸ್ತರರಿಗೆ ಶಾಲೆಯ ಹಿತ್ತಿಲಲ್ಲಿ ವಿಜ್ಞಾನದ ಉದ್ಯಾನ ಮಾಡಿಸುವ ಹುಕಿ ಬಂತು. ಎಲ್ಲೆಲ್ಲೂ ಮಕ್ಕಳ ಬಾಯಲ್ಲಿ ಡೈನೋಸಾರ್ ಆಗಿದ್ದ ಕಾಲ. ಅಂಗಿಯ ಮೇಲೆ ಅದೇ, ಪೆಪ್ಪರಮೆಂಟಿನ ಕಾಗದದ ಮೇಲೆ ಅದೇ. "ಹಲ್ಲು ಕಿರಿದು ನಿಂತ ದೊಡ್ಡದೊಂದು ಮಾಡಿಸುವ" ಎಂದರು ಹೆಡ್ ಮಾಸ್ತರರು. ನಾನು ಕೂಡಲೇ ತಿದ್ದಿದೆ. ಎಲ್ಲ ಡೈನೋಸಾರ್‌ಗಳೂ ದೊಡ್ಡವಲ್ಲ, ಎಲ್ಲವೂ ಮಾಂಸ ತಿನ್ನುವುದಿಲ್ಲ, ಕುರಿಯಷ್ಟೇ ಇದ್ದು ಸೊಪ್ಪು ತಿಂದುಕೊಂಡಿದ್ದ ಪಾಪದವೂ ಇದ್ದವು ಎಂದೆ. ಹಿತ್ತಿಲಲ್ಲಿ ಇದ್ದ ಜಾಗವೂ ಕುರಿಗೆ ಸಾಕಾಗುವಷ್ಟೇ. ಅವರು ಒಪ್ಪಿದರು.

ನನ್ನ ಈ ಪಾಂಡಿತ್ಯದ ಮೂಲ ಭಟ್ಕಳದ ಒಂದು ರದ್ದಿ ಅಂಗಡಿ. ನನ್ನ ತವರು ಭಟ್ಕಳ. ದುಬೈಯಿಂದ ರಜೆಗೆ ಬಂದವರು ತಂದು, ಓದಿ ಎಸೆದ ಬಣ್ಣಬಣ್ಣದ ಇಂಗ್ಲಿಷ್ ಪತ್ರಿಕೆಗಳೆಲ್ಲ ಅಲ್ಲಿಗೆ ಬಂದು ಬೀಳುತ್ತಿದ್ದವು. ಅಂಥ ಒಂದರಲ್ಲಿ ಪ್ರೊಟೊಸೆರಟಾಪ್ಸ್ ಎಂಬ ಪ್ರಾಣಿಯ ಚಿತ್ರಗಳಿದ್ದವು. ಕ್ರಿಟೇಶಿಯಸ್ ಯುಗದ್ದು. ಗಿಳಿಯ ಕೊಕ್ಕಿನಂಥ ಬಾಯಿ, ತಲೆಯ ಹಿಂದೆ ಮೊರ ಕಟ್ಟಿದ ಹಾಗೆ ಅಗಲವಾದ ಎಲುಬು, ಗಿಡ್ಡ ಕಾಲು. ಒಂದು ಪುಟದಲ್ಲಿ ಅದು ಹುಲ್ಲಿನಂಥದೇನನ್ನೋ ಮೇಯುತ್ತಿರುವ ಬಣ್ಣದ ಚಿತ್ರ. ಎದುರು ಪುಟದಲ್ಲಿ ಮಂಗೋಲಿಯಾದ ಮರುಭೂಮಿಯಲ್ಲಿ ಸಿಕ್ಕ ಅದರ ಎಲುಬುಗೂಡಿನ ಫೋಟೋ. ಮಲಗಿದ್ದಲ್ಲ, ನಿಂತದ್ದು. ಮುಂಗಾಲು ಕೆದರುವ ಹಾಗೆ, ಮೂತಿ ಆಕಾಶಕ್ಕೆ.

ಪ್ರಾಣಿಯನ್ನು ಮಾಡಲು ಬಂದವನು ಕುಮಟೆಯ ಹತ್ತಿರದ ಕಾಗಾಲದ ಸುಬ್ರಾಯ. ವಯಸ್ಸು ಮೂವತ್ತೈದರ ಸುಮಾರು. ಮುರ್ಡೇಶ್ವರದಲ್ಲಿ ಕೆಲವು ವರ್ಷ ಸಿಮೆಂಟಿನ ಮೂರ್ತಿ ಕೆಲಸ ಮಾಡಿ ಕೈ ಪಳಗಿದವನು. ಮಾತು ಕಡಿಮೆ. ನಾನು ಪತ್ರಿಕೆ ಬಿಡಿಸಿ ಮೇಯುವ ಚಿತ್ರದ ಮೇಲೆ ಬೆರಳಿಟ್ಟು ವಿವರಿಸುತ್ತಿದ್ದರೆ ಅವನ ಕಣ್ಣು ಎದುರು ಪುಟದ ಮೇಲಿತ್ತು.

"ಇದೆಂತಕ್ಕೆ ಹಿಂಗೆ ನಿಂತದೆ?" ಎಂದು ಕೇಳಿದ.

"ಮರಳಿನ ದಿಬ್ಬ ಕುಸಿದು ಜೀವಂತ ಮುಚ್ಚಿಹೋಗಿರಬೇಕು ಅಂತಾರೆ. ನಿಂತಲ್ಲೇ ಸತ್ತಿದೆ."

ಅವನು ಬಹಳ ಹೊತ್ತು ನೋಡಿದ. ಆಮೇಲೆ, "ಎಷ್ಟು ಹೊತ್ತು ಬೇಕಾತು ಅಕ್ಕೋರೆ, ಅದಕ್ಕೆ?" ಎಂದ.

ಎಂಥ ಪ್ರಶ್ನೆ ಎಂದು ನಾನು ನಕ್ಕೆ. ಕೋಟಿಗಟ್ಟಲೆ ವರ್ಷದ ಹಿಂದಿನ ಪ್ರಾಣಿ ಸಾಯಲು ಎಷ್ಟು ನಿಮಿಷ ತೆಗೆದುಕೊಂಡಿತು ಎಂದು ಯಾರಿಗೆ ಗೊತ್ತು? "ಅದನ್ನು ಬರೆದಿಲ್ಲ" ಎಂದೆ. ಅವನು ತಲೆಯಾಡಿಸಿ ಪತ್ರಿಕೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡ.

ಕೆಲಸ ಮೇ ತಿಂಗಳ ರಜೆಯಲ್ಲಿ ನಡೆಯಿತು. ಶಾಲೆಯಲ್ಲಿ ಯಾರೂ ಇರಲಿಲ್ಲ. ಜೂನಿನಲ್ಲಿ ನಾವು ಬಂದು ನೋಡುವಾಗ ಹಿತ್ತಿಲ ಮರಳಲ್ಲಿ ಪ್ರಾಣಿ ಆಗಲೇ ನಿಂತಿತ್ತು. ನಿಂತಿತ್ತು ಎನ್ನುವುದೂ ತಪ್ಪು, ಹೊಟ್ಟೆಯ ತನಕ ಹೂತಿತ್ತು. ಬೆನ್ನು, ಕುತ್ತಿಗೆ, ಮೊರದಂಥ ತಲೆ ಮಾತ್ರ ಮೇಲೆ. ಕಪ್ಪು ಗೋಲಿಯ ಕಣ್ಣು. ಚರ್ಮದ ಸುಕ್ಕು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಮುಟ್ಟಿದರೆ ಬೆಚ್ಚಗಿರಬಹುದು ಅನ್ನಿಸುತ್ತಿತ್ತು. ಹೆಡ್ ಮಾಸ್ತರರಿಗೆ ಸಮಾಧಾನವಾಗಲಿಲ್ಲ. "ಕಾಲು ಮಾಡುವುದಕ್ಕೆ ಸೋಮಾರಿತನ, ಅರ್ಧ ಮಾಡಿ ಹೋಗಿದ್ದಾನೆ" ಎಂದು ಗೊಣಗಿದರು. ಮಕ್ಕಳಿಗೆ ಆ ತಕರಾರಿರಲಿಲ್ಲ. ಒಂದೇ ದಿನದಲ್ಲಿ ಅದಕ್ಕೆ ಮೊರತಲೆ ಎಂದು ಹೆಸರಿಟ್ಟರು. ಪರೀಕ್ಷೆಯ ದಿನ ಅದರ ಕೊಕ್ಕಿಗೆ ಹುಲ್ಲು ಸಿಕ್ಕಿಸಿದರೆ ಗಣಿತದಲ್ಲಿ ಪಾಸಾಗುತ್ತದೆ ಎಂಬ ಶಾಸ್ತ್ರವೂ ಹುಟ್ಟಿತು.

ಮಳೆಗಾಲ ಕಳೆಯಿತು. ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹಾಜರಿ ಪುಸ್ತಕ ತಂದುಕೊಡುವ ನೆಪದಲ್ಲಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಕ್ಕೋರೆ, ಮೊರತಲೆ ತಲೆ ಎತ್ತಾ ಅದೆ."

"ಸಿಮೆಂಟು ತಲೆ ಎತ್ತುವುದಿಲ್ಲ" ಎಂದು ತಿದ್ದಿದೆ. ಉಷ್ಣತೆಗೆ ವಸ್ತುಗಳು ಹಿಗ್ಗುವುದರ ಬಗ್ಗೆ ಸಣ್ಣದೊಂದು ಉಪನ್ಯಾಸವನ್ನೂ ಕೊಟ್ಟೆ. ಅವಳು ನಂಬಲಿಲ್ಲ. ಅವಳ ಹಿಂದೆ ಇನ್ನೂ ನಾಲ್ಕು ಮಂದಿ ಅದನ್ನೇ ಹೇಳಿಕೊಂಡು ಬಂದರು. ಹುಲ್ಲು ಸಿಕ್ಕಿಸಲು ಈಗ ಕೈ ಮೇಲೆತ್ತಬೇಕಾಗುತ್ತದಂತೆ.

ಪ್ರಯೋಗಾಲಯದಲ್ಲಿ ನನ್ನ ಕುರ್ಚಿ ಹಿತ್ತಿಲ ಕಿಟಕಿಗೆ ಎದುರಾಗಿತ್ತು. ಜೂನಿನಲ್ಲಿ ಅಲ್ಲಿ ಕೂತರೆ ಕಿಟಕಿಯ ಅಂಚಿನ ಮೇಲೆ ಮೊರದ ತುದಿ ಮಾತ್ರ ಕಾಣುತ್ತಿತ್ತು. ಅದು ನನಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ಅದನ್ನು ನೋಡಿ ಯಾರೋ ಕಿಟಕಿಯಾಚೆ ಅಕ್ಕಿ ಕೇರುತ್ತಿದ್ದಾರೆ ಎಂದು ಮೊದಲ ದಿನ ಅಂದುಕೊಂಡಿದ್ದೆ. ಆ ಹುಡುಗಿ ಹೇಳಿದ ಮಾರನೇ ದಿನ ಕೂತು ನೋಡಿದರೆ ಅಲ್ಲಿ ಕೊಕ್ಕಿನ ತುದಿ ಇತ್ತು.

ಕುರ್ಚಿ ಬದಲಾಗಿರಬೇಕು ಅಂದುಕೊಂಡೆ. ಬದಲಾಗಿರಲಿಲ್ಲ. ನೆಲ ಕುಸಿದಿರಬೇಕು ಅಂದುಕೊಂಡೆ. ಕೊನೆಗೆ, ಯಾರೂ ಇಲ್ಲದ ಹೊತ್ತು ನೋಡಿ, ಕುರ್ಚಿಯ ಕಾಲಿನ ಸುತ್ತ ಚಾಕ್‌ಪೀಸಿನಲ್ಲಿ ಗುರುತು ಹಾಕಿದೆ. ಬೆನ್ನು ನೆಟ್ಟಗೆ ಮಾಡಿ ಕೂತು, ಕೊಕ್ಕು ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಕಿಟಕಿಯ ಸರಳಿಗೆ ನೂಲು ಕಟ್ಟಿದೆ. ಹಿಗ್ಗುವ ವಸ್ತುಗಳ ಬಗ್ಗೆ ಉಪನ್ಯಾಸ ಕೊಟ್ಟವಳ ಅವಸ್ಥೆ ನೋಡಿ! ಎರಡು ವಾರಕ್ಕೆ ಕೊಕ್ಕು ನೂಲನ್ನು ದಾಟಿತು. ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಹೋಗಿ ಕೂತರೆ, ಕಿಟಕಿಯ ಅಂಚಿನ ಮೇಲೆ ಕಪ್ಪು ಗೋಲಿಯ ಕಣ್ಣೇ ಕಾಣುತ್ತಿತ್ತು. ಅದು ನನ್ನನ್ನು ನೋಡುತ್ತಿತ್ತು ಎಂದು ಹೇಳಲಾರೆ. ನನ್ನ ತಲೆಯ ಮೇಲಿಂದ ಆಚೆ ಎಲ್ಲಿಗೋ ನೋಡುತ್ತಿತ್ತು. ನನ್ನ ಹಿಂದೆ ಯಾರೋ ನಿಂತಿದ್ದಾರೆ, ಅದು ಅವರನ್ನು ನೋಡುತ್ತಿದೆ ಅನ್ನುವ ಹಾಗೆ. ತಿರುಗಿ ನೋಡುವ ಅಭ್ಯಾಸ ನನಗೆ ಹತ್ತಿದ್ದು ಆಗಲೇ. ಆ ಸೋಮವಾರ ಪ್ರಯೋಗಾಲಯದಲ್ಲಿ ಹಸಿ ಸಿಮೆಂಟಿನ ವಾಸನೆ ಇತ್ತು.

ಯಾರಿಗೂ ಹೇಳಲಿಲ್ಲ. ವಿಜ್ಞಾನದ ಅಕ್ಕೋರು ಸಿಮೆಂಟಿನ ಪ್ರಾಣಿಗೆ ಹೆದರಿದಳು ಎಂದರೆ ಮರ್ಯಾದೆ ಉಳಿಯುತ್ತದೆಯೆ?

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಮಕ್ಕಳ ರೆಕಾರ್ಡ್ ಪುಸ್ತಕ ತಿದ್ದುವುದಿತ್ತೆಂದು ಶಾಲೆಗೆ ಹೋದೆ. ಹಿತ್ತಿಲಿಂದ ಟಕ್ ಟಕ್ ಎಂದು ಶಬ್ದ ಬರುತ್ತಿತ್ತು. ಉರಿಬಿಸಿಲು. ಮೊರತಲೆಯ ಕುತ್ತಿಗೆ ಒಡೆದು, ಒಳಗಿನ ಕಬ್ಬಿಣದ ಸರಳು, ಕೋಳಿಬಲೆ ಎಲ್ಲ ಕಾಣುತ್ತಿದ್ದವು. ಸುಬ್ರಾಯ ಸರಳನ್ನು ಹಿಂದಕ್ಕೆ ಬಗ್ಗಿಸುತ್ತಿದ್ದ. ಪಕ್ಕದಲ್ಲಿ ಬಾಂಡ್ಲಿಯಲ್ಲಿ ಸಿಮೆಂಟು ಕಲಸಿಟ್ಟಿತ್ತು. ನನ್ನನ್ನು ಕಂಡು ಅವನು ಬೆಚ್ಚಲಿಲ್ಲ.

"ಸಮ ಆಗ್ತಿಲ್ಲ ಅಕ್ಕೋರೆ" ಎಂದ. "ಎಷ್ಟು ಮೇಲೆ ನೋಡ್ತಿದ್ದ ಅಂತ ಸಮ ಆಗ್ತಿಲ್ಲ."

ನೋಡುತ್ತಿತ್ತು ಎನ್ನಲಿಲ್ಲ ಅವನು. ನೋಡುತ್ತಿದ್ದ ಎಂದ. ನನ್ನ ತಿದ್ದುವ ಚಟ ಬಾಯಿಯ ತನಕ ಬಂದು ಅಲ್ಲೇ ನಿಂತಿತು. "ಯಾರು?" ಎಂದು ಕೇಳಿದೆ.

"ಮಂಜು. ನನ್ನ ತಮ್ಮ."

ಅವನು ಕೆಲಸ ನಿಲ್ಲಿಸದೆ, ನನ್ನ ಕಡೆ ನೋಡದೆ ಹೇಳಿದ. ಹದಿಮೂರು ವರ್ಷದ ಹಿಂದೆ ಅಣ್ಣತಮ್ಮ ಇಬ್ಬರೂ ಕಾಗಾಲದ ಹೊಯ್ಗೆ ಗದ್ದೆಯಲ್ಲಿ, ಎಂದರೆ ಮರಳು ನೆಲದಲ್ಲಿ, ಈರುಳ್ಳಿ ಹಾಕಿದ್ದರು. ನೀರಿಗೆಂದು ಎರಡಾಳು ಆಳದ ಹೊಂಡ ತೋಡುತ್ತಿದ್ದರು.

"ಅಂವ ಕೆಳಗಿದ್ದ, ನಾ ಮೇಲೆ ಬುಟ್ಟಿ ಎಳೀತಿದ್ದೆ. ಬದಿಯ ಹೊಯ್ಗೆ ಜಾರ್ತು. ಸೊಂಟದ ತನಕ ಬಂತು, ಅಷ್ಟೆ. ಅಂವ ಮೇಲೆ ನೋಡ್ದ. 'ಅಣ್ಣಾ, ಹೋಗ್ಬೇಡ, ನೀನೇ ತೆಗಿ' ಅಂದ. ನಾ 'ಜನ ಕರ್ಕಂಡ್ ಬತ್ತೆ' ಅಂದು ಓಡ್ದೆ."

ಕರಣೆಯಿಂದ ಸಿಮೆಂಟು ಎತ್ತಿ ಕುತ್ತಿಗೆಗೆ ಮೆತ್ತಿದ.

"ಬಂದು ನೋಡ್ರೆ ಹೊಂಡವೇ ಇಲ್ಲ ಅಕ್ಕೋರೆ. ನೆಲ ಸಪಾಟು. ಅಲ್ಲಿ ಯಾರೂ ಯಾವತ್ತೂ ಅಗೀಲೇ ಇಲ್ಲ ಅನ್ನೂ ಹಂಗೆ. ಜನ ಸೇರಿ ತೆಗ್ದಾಗ ಅಂವ ನಿಂತೇ ಇದ್ದ. ಮುಖ ಮೇಲೆ. ನಾ ಎಲ್ಲಿ ನಿಂತಿದ್ನೋ ಅಲ್ಲಿಗೇ."

ಒಬ್ಬನೇ ಇಳಿದಿದ್ದರೆ ನೀನೂ ಉಳಿಯುತ್ತಿರಲಿಲ್ಲ, ಸಡಿಲ ಮರಳಿಗೆ ಇನ್ನಷ್ಟು ಭಾರ ಬಿದ್ದರೆ ಬೇಗ ಕುಸಿಯುತ್ತದೆ, ಓಡಿದ್ದೇ ಸರಿ ಎಂದು ನಾನು ಹೇಳಿದೆ. ಅದು ವಿಜ್ಞಾನದ ಪ್ರಕಾರ ಸರಿಯೇ.

"ಹೌದು" ಎಂದ ಅವನು. "ಎಲ್ಲರೂ ಹಂಗೇ ಹೇಳ್ತ್ರು." ಕರಣೆಯನ್ನು ಬಾಂಡ್ಲಿಯ ಅಂಚಿಗೆ ಒರೆಸಿದ. "ಅಂವ ಹೋಗ್ಬೇಡ ಅಂದದ್ದು ಯಾರಿಗೂ ಗೊತ್ತಿಲ್ಲ. ಅಮ್ಮನಿಗೂ. ಹೊಯ್ಗೆ ಬಿದ್ದದ್ದೇ ಜೀವ ಹೋತು ಅಂದೇನೆ."

ಇನ್ನು ಮುಂದಿನದು ನನ್ನ ತಪ್ಪು. ಮರುದಿನ ಸ್ಟಾಫ್ ರೂಮಿನಲ್ಲಿ ಹಿಂದಿ ಅಕ್ಕೋರು, "ಏನೇ, ಮುಖ ಯಾಕೆ ಹಾಗೆ?" ಎಂದು ಕೇಳಿದ್ದೇ ಸಾಕಾಯಿತು. ಎಲ್ಲವನ್ನೂ ಹೇಳಿದೆ. ನನ್ನ ಮೂರು ತಿಂಗಳ ಹೆದರಿಕೆ ಇಳಿದ ಸಡಗರದಲ್ಲಿ ಸ್ವಲ್ಪ ಚೆಂದ ಮಾಡಿಯೇ ಹೇಳಿದೆ. ಯಾರಿಗೂ ಹೇಳಬೇಡಿ ಎಂದೂ ಸೇರಿಸಿದೆ. ಹಾಗೆ ಹೇಳಿದ ಮಾತು ನಮ್ಮ ಕಡೆ ಬಸ್ಸಿಗಿಂತ ಮೊದಲೇ ಕುಮಟೆ ಮುಟ್ಟುತ್ತದೆ.

ಹತ್ತು ದಿನವಾಗಿರಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಕೊಡೆ ಹಿಡಿದ ಒಬ್ಬ ಮುದುಕಿ ಗೇಟಿನೊಳಗೆ ಬಂದಳು. ಎಪ್ಪತ್ತರ ಹತ್ತಿರ, ಸಣ್ಣ ಮೈ, ನೆಟ್ಟಗಿನ ನಡಿಗೆ. ಹತ್ತು ಹೆಜ್ಜೆ ಹಿಂದೆ ಸುಬ್ರಾಯ ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಅವಳು ಅವನ ತಾಯಿ ಮಾದೇವಿ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

"ನೀವೇ ಅಕ್ಕೋರಾ?" ಎಂದಳು. "ಎಲ್ಲದೆ ಅದು?"

ಹಿತ್ತಿಲಿಗೆ ಕರೆದುಕೊಂಡು ಹೋದೆ. ಮಕ್ಕಳು ಟಿಫಿನ್ ಡಬ್ಬಿ ಹಿಡಿದುಕೊಂಡೇ ಸುತ್ತ ಬಂದು ನಿಂತರು. ಮಾದೇವಿ ಕೊಡೆ ಮಡಚಿ ಮರಳಿಗೆ ಚುಚ್ಚಿ ನಿಲ್ಲಿಸಿ, ಮೊರತಲೆಯ ಸುತ್ತ ಒಂದು ಸುತ್ತು ಬಂದಳು. ಅದರ ಗದ್ದ ಮುಟ್ಟಿದಳು. ಆಗ ಅದು ಪೂರಾ ಮೇಲೆ ನೋಡುತ್ತಿತ್ತು, ಪತ್ರಿಕೆಯ ಫೋಟೋದಲ್ಲಿದ್ದದ್ದಕ್ಕಿಂತಲೂ ಹೆಚ್ಚು.

"ಮಂಜು ಹಿಂಗಿರ್ಲಿಲ್ಲ" ಎಂದಳು.

ಸುಬ್ರಾಯ ತಲೆ ಎತ್ತಲಿಲ್ಲ.

"ನಿಂಗೇ ಹೇಳೂದು, ಕೇಳು. ನಾ ಅವ್ನ ಮೀಯಿಸ್ದವಳು. ಕುತ್ತಿಗೆ ಮುಂದೆ ಬಗ್ಗಿತ್ತು. ಉಗುರೊಳಗೆಲ್ಲ ಹೊಯ್ಗೆ ಇತ್ತು. ನೀ ಓಡಿ ಹೋದ್ಮೇಲೆ ಅಂವ ಮೇಲೆ ನೋಡ್ತಾ ಕೂತಿರ್ಲಿಲ್ಲ ಮಗಾ. ತಲೆ ತಗ್ಗಿಸಿ, ತಾನೇ ಹೊಯ್ಗೆ ತೆಗೀತಾ ಇದ್ದ. ನೀ ಜನ ತರ್ತೆ ಅಂತ ನಂಬ್ಕಂಡೇ ತೆಗೀತಾ ಇದ್ದ."

ಅಷ್ಟು ಹೇಳಿ ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಪ್ರಾಣಿಯ ಎದೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಎರಡೂ ಕೈಯಿಂದ ಮರಳು ಬಾಚಿ ಹಿಂದಕ್ಕೆ ಹಾಕತೊಡಗಿದಳು. "ಹೊರಗೆ ತೆಗಿ ಇದನ್ನ" ಎಂದಳು. "ಇನ್ನೂ ಎಷ್ಟು ವರ್ಷ ಒಳಗಿಡ್ತೆ?"

ಒಣಮರಳು ಅವಳು ಬಾಚಿದಷ್ಟೂ ಮತ್ತೆ ಒಳಗೆ ಜಾರುತ್ತಿತ್ತು. ಆ ಸರ್ ಸರ್ ಶಬ್ದವೊಂದೇ. ಸುಬ್ರಾಯ ಬಿಳಿಚಿಕೊಂಡು ನಿಂತಿದ್ದ. ಅವನ ಪಾದ ಹಿಂದಕ್ಕೆ ತಿರುಗಿದ್ದನ್ನು ನಾನು ನೋಡಿದೆ. ಓಡುತ್ತಾನೆ ಅಂದುಕೊಂಡೆ. ಅವನು ಬಂದು ತಾಯಿಯ ಎದುರು ಮಂಡಿಯೂರಿದ. ಎರಡೂ ಕೈ ಮರಳಿಗೆ ಹಾಕಿದ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಬಾಯಿಂದ ಏನೋ ಸ್ವರ ಬರುತ್ತಿತ್ತು. ಅಳುವೋ, ಹೆಸರೋ ತಿಳಿಯಲಿಲ್ಲ. ಆಗ ನಾನೂ ಕೂತೆ. ಮಕ್ಕಳೂ ಕೂತರು.

ನಾವೆಲ್ಲ ಅಂದುಕೊಂಡದ್ದು ಎಂತೆಂದರೆ, ಸ್ವಲ್ಪ ಅಗೆದರೆ ಸಿಮೆಂಟಿನ ಚಪ್ಪಟೆ ತಳ ಸಿಗುತ್ತದೆ ಎಂದು. ಅರ್ಧ ಪ್ರಾಣಿ ತಾನೆ? ಹೊಟ್ಟೆ ಬಂತು. ಹೊಟ್ಟೆಯ ಕೆಳಗೆ ನನ್ನ ಬೆರಳಿಗೆ ಏನೋ ತಣ್ಣಗಿನದು ತಾಗಿತು. ಅದು ಮಂಡಿ. ಅದರ ಕೆಳಗೆ ಕಾಲು, ಕಾಲಿಗೆ ಬೆರಳು, ಬೆರಳಿಗೆ ಉಗುರು. ನಾಲ್ಕೂ ಕಾಲು, ಸುರುಳಿ ಸುತ್ತಿದ ಬಾಲ, ಯಾವುದನ್ನೂ ಬಿಟ್ಟಿರಲಿಲ್ಲ. ಯಾರೂ ಎಂದೂ ನೋಡದ ಆ ಜಾಗದಲ್ಲಿ ಚರ್ಮದ ಸುಕ್ಕುಗಳು ಮೇಲಿನವಕ್ಕಿಂತ ಸೂಕ್ಷ್ಮವಾಗಿದ್ದವು. ಬಣ್ಣ ನಿನ್ನೆ ಬಳಿದ ಹಾಗಿತ್ತು. ಮುಂಗಾಲಿನ ಬೆರಳುಗಳು ಅಗಲವಾಗಿ, ಮರಳು ಕೆದರುವ ಹಾಗೆ ಬಿಡಿಸಿಕೊಂಡಿದ್ದವು. ಆರು ತಿಂಗಳು ನಾವು ಆಟ, ಪಾಠ, ಪ್ರಾರ್ಥನೆ ಮಾಡಿಕೊಂಡಿದ್ದ ನೆಲದ ಕೆಳಗೆ ಅದು ಹಾಗೆ ನಿಂತಿತ್ತು. ಒಂಬತ್ತನೇ ಕ್ಲಾಸಿನ ಆ ಹುಡುಗಿ ನನ್ನ ಸೆರಗು ಹಿಡಿದುಕೊಂಡಳು. ನಾನು ಅವಳ ಕೈ ಹಿಡಿದುಕೊಂಡೆ. ಯಾರು ಯಾರಿಗೆ ಧೈರ್ಯ ಕೊಟ್ಟೆವೋ ಗೊತ್ತಿಲ್ಲ.

ದಂಡೆಯಲ್ಲಿ ಬಲೆ ಎಳೆಯುತ್ತಿದ್ದವರನ್ನು ಹೆಡ್ ಮಾಸ್ತರರು ಕೂಗಿ ಕರೆದರು. ಹಗ್ಗ ಕಟ್ಟಿ, ಹಲಗೆ ಕೊಟ್ಟು, ಕೂಗು ಹಾಕಿ ಮೊರತಲೆಯನ್ನು ಮೇಲೆಳೆದು ಬಾದಾಮಿ ಮರದ ಕೆಳಗೆ ಗಟ್ಟಿ ನೆಲದ ಮೇಲೆ ನಿಲ್ಲಿಸಿದರು. ಕತ್ತು ಎತ್ತಿದ್ದೇ ಇತ್ತು. ಆದರೆ ನಾಲ್ಕು ಕಾಲಿನ ಮೇಲೆ ನಿಂತ ಮೇಲೆ ಅದು ಆಕಾಶ ನೋಡುವ ಹಾಗೆ ಕಾಣಲಿಲ್ಲ. ಎತ್ತರದ ಎಲೆಗೆ ಬಾಯಿ ಹಾಕುವ ಆಡಿನ ಹಾಗೆ ಕಂಡಿತು. ಮಾದೇವಿ ಕೈ ಕೊಡವಿ, "ಈಗ ಆತು" ಎಂದಳು. ಸುಬ್ರಾಯನ ತಲೆಯಲ್ಲಿದ್ದ ಮರಳನ್ನು ಸೆರಗಿನಿಂದ ಒರೆಸಿ, ಸಂಜೆಯ ಬಸ್ಸಿಗೆ ಕರೆದುಕೊಂಡು ಹೋದಳು. ಆಮೇಲೆ ಆ ಕತ್ತು ಒಂದಿಷ್ಟೂ ಏರಲಿಲ್ಲ. ಹೊಸ ಜಾಗಕ್ಕೆ ಹೊಂದಿಸಿ ಮತ್ತೆ ಕಟ್ಟಿದ ನನ್ನ ನೂಲೇ ಸಾಕ್ಷಿ.

ಮಾದೇವಿಯ ಮಾತನ್ನು ನಾನು ಪೂರಾ ನಂಬಿದೆ. ದುಃಖ ನೆನಪನ್ನು ಹೇಗೆ ತಿರುಚುತ್ತದೆ ನೋಡಿ, ಕಣ್ಣಾರೆ ಕಂಡದ್ದನ್ನೂ ನಂಬಬಾರದು, ಪರೀಕ್ಷಿಸಬೇಕು ಎಂದು ಎಷ್ಟೋ ವರ್ಷ ಕ್ಲಾಸಿನಲ್ಲಿ ಅದನ್ನೇ ಉದಾಹರಣೆ ಕೊಟ್ಟೆ, ಹೆಸರು ಮಾತ್ರ ಬಿಟ್ಟು. ಈಗ ಹತ್ತು ವರ್ಷ ಕಳೆದು, ಕುಮಟೆಗೆ ವರ್ಗವಾಗಿ ಬಂದು, ಪಕ್ಕದ ಗೋಡೆಯ ಸಿಮೆಂಟಿನ ವಾಸನೆಗೆ ಎರಡು ದಿನ ಹಾಲು ಉಕ್ಕಿಸಿದ ಮೇಲೆ, ಕಳೆದ ಭಾನುವಾರ ಕಾಗಾಲದ ಬಸ್ಸು ಹತ್ತಿದೆ. ಯಾಕೆ ಎಂದು ಕೇಳಬೇಡಿ. ಒಂದು ಕ್ಷಮೆ ಕೇಳುವುದು ಬಾಕಿ ಇತ್ತು.

ಸುಬ್ರಾಯ ಅಂಗಳದಲ್ಲಿ ತುಳಸಿಕಟ್ಟೆಯ ಅಚ್ಚು ಬಿಡಿಸುತ್ತಿದ್ದ. ಕೂದಲು ಬೆಳ್ಳಗಾಗಿದೆ. ಮಾದೇವಿ ತೀರಿಕೊಂಡು ಎರಡು ವರ್ಷವಾಯಿತಂತೆ. ಸ್ಟಾಫ್ ರೂಮಿನಲ್ಲಿ ಹೇಳಿದವಳು ನಾನೇ ಎಂದು ಒಪ್ಪಿಕೊಂಡೆ.

ಅವನಿಗೆ ನಗು ಬಂತು. "ಅದು ಗೊತ್ತದೆ ಅಕ್ಕೋರೆ. ಆ ದಿನ ಅಲ್ಲಿ ನಾ, ನೀವು, ಮೊರತಲೆ. ಮೂರೇ ಜನ. ನಾ ಹೇಳ್ಲಿಲ್ಲ."

ನನಗೆ ಸ್ವಲ್ಪ ಹಗುರಾಯಿತು. "ಹೇಗೂ ಅಮ್ಮನಿಂದ ನಿಜ ಗೊತ್ತಾಯಿತಲ್ಲ, ಅದೇ ದೊಡ್ಡದು" ಎಂದೆ.

ಅವನು ಅಚ್ಚಿನ ಹಲಗೆಯನ್ನು ಕೆಳಗಿಟ್ಟ.

"ಅಮ್ಮ ಅವ್ನ ನೋಡ್ಲೇ ಇಲ್ಲ ಅಕ್ಕೋರೆ. ಅಮ್ಮ ಆ ದಿನ ಹಿರೇಗುತ್ತಿಗೆ, ತವರಿಗೆ ಹೋಗಿತ್ತು. ಬರೂದ್ರೊಳಗೆ ಆಸ್ಪತ್ರೆಲಿ ಬಿಳಿ ಬಟ್ಟೆ ಸುತ್ತಿ ಕೊಟ್ಟಾಗಿತ್ತು. ಮುಖ ಬಿಡಿಸ್ಬೇಡಿ ಅಂದವ ನಾನೇ. ಮೀಯಿಸೂದೆಲ್ಲಿ ಬಂತು?"

ಕೊಟ್ಟಿಗೆಯ ಹಿಂದೆ ಯಾರೋ ಬಾವಿಗೆ ಕೊಡ ಇಳಿಸಿದ ಶಬ್ದವಾಯಿತು.

"ಹಾಗಾದರೆ ಅಮ್ಮ ಸುಳ್ಳು ಹೇಳ್ತಿದ್ದಾರೆ ಅಂತ ನಿನಗೆ ಅವತ್ತೇ ಗೊತ್ತಿತ್ತು?"

"ಬಾಯಿ ತೆರ್ದಾಗ್ಲೇ ಗೊತ್ತಾತು."

"ಮತ್ತೆ ಯಾಕೆ ಅಗೆದೆ?"

ಸುಬ್ರಾಯ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. ಸಿಮೆಂಟು ತಿಂದು ಗೆರೆಗಳೆಲ್ಲ ಬಿರಿದಿದ್ದವು.

"ಅಮ್ಮ ಒಂದೇ ಅಗೀತಾ ಇತ್ತಲ್ಲ, ಅಕ್ಕೋರೆ" ಎಂದ. "ಈ ಸಲ ಯಾರನ್ನ ಕರೂಕೆ ಓಡ್ಲಿ ನಾನು?"